ನಮ್ಮ ಮಕ್ಕಳ ಫೈಲು ಯಾರ್ಯಾರ ಕೈಯಲ್ಲಿ?



ಕಳೆದ ತಿಂಗಳು ಒಂದು ಭಾನುವಾರ. ಫ್ಲಶಿಂಗ್‌ನ ಬೌನ್ ಸ್ಟ್ರೀಟ್ ಗಣೇಶನ ದೇವಸ್ಥಾನದಲ್ಲಿ ಮಂಗಳಾರತಿ ಮುಗಿಸಿ, ಪದ್ಧತಿಯಂತೆ ಕೆಳಗಿನ ಕ್ಯಾಂಟೀನಿಗೆ ಇಳಿದು ಮಸಾಲೆ ದೋಸೆಗೆ ಕಾಯುತ್ತಾ ನಿಂತಿದ್ದೆ. ನಮ್ಮ ಪರಿಚಯದ ಅಕ್ಕ ಒಬ್ಬರು ಹತ್ತಿರ ಬಂದರು. ಮುಖ ಸಪ್ಪಗಿತ್ತು. ಕೈಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಮುಂದೆ ಹಿಡಿದರು.

"ಏನಪ್ಪಾ, ನೀನು ಕಂಪ್ಯೂಟರ್ ಓದಿದವನಲ್ವಾ, ಇದನ್ನು ಸ್ವಲ್ಪ ನೋಡು. ನನ್ನ ಮಗನಿಗೆ ಅಮೆರಿಕಾದ ಸೈನ್ಯದಿಂದ ಕಾಗದ ಬಂದಿದೆ. ಅವನಿನ್ನೂ ಹನ್ನೊಂದನೇ ಕ್ಲಾಸು. ನಮ್ಮ ಮನೆ ವಿಳಾಸ ಅವರಿಗೆ ಕೊಟ್ಟವರು ಯಾರು? ನಾವಿನ್ನೂ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರೋರು. ಮಿಲಿಟರಿಗೆ ಹೋದ ವಿಳಾಸ ಇಮಿಗ್ರೇಶನ್‌ನವರಿಗೂ ಹೋಗಿರುತ್ತಾ?"

ದೋಸೆ ಬಂತು, ಆರಿಯೂ ಹೋಯಿತು. ಮೊದಲನೆಯ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಎರಡನೆಯದಕ್ಕೆ "ಇಲ್ಲ ಅಕ್ಕಾ" ಅಂದೆನಾದರೂ ಯಾಕೆ ಇಲ್ಲ ಎಂದು ಬಿಡಿಸಿ ಹೇಳುವಷ್ಟು ನನಗೇ ತಿಳಿದಿರಲಿಲ್ಲ. ಮನೆಗೆ ಬಂದು ಕೂತು ಓದಿದೆ. ಓದಿದ್ದನ್ನು ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲನಲ್ಲ. ಹಾಸನದಲ್ಲಿ ಇಂಜಿನಿಯರಿಂಗ್ ಓದಿ, ಇಲ್ಲಿ ಡೇಟಾಬೇಸುಗಳ ಜೊತೆ ಗುದ್ದಾಡುವ, ಆರನೇ ಕ್ಲಾಸಿನ ಹುಡುಗಿಯ ಅಪ್ಪ, ಅಷ್ಟೇ.

ಒಂದು ಕಾರ್ಡಿನ ಕಥೆ

ಮೊದಲು ನನ್ನದೇ ಪೆದ್ದುತನದ ಪ್ರಸಂಗ. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದ್ದವು. ಮಗಳು ಕಿಂಡರ್‌ಗಾರ್ಟನ್. ಒಂದು ದಿನ ಟಪಾಲಿನಲ್ಲಿ ಅವಳ ಹೆಸರಿಗೆ ಬ್ಯಾಂಕ್ ಕಾರ್ಡಿನಂಥದ್ದೊಂದು ಬಂತು. ನಾವು ಅರ್ಜಿ ಹಾಕಿರಲಿಲ್ಲ, ಕೇಳಿರಲಿಲ್ಲ. ಐದು ವರ್ಷದ ಮಗುವಿನ ಹೆಸರಿಗೆ ಸರ್ಕಾರಿ ಕಾರ್ಡು! ಹೆಂಡತಿ "ಇದೇನೋ ಮೋಸ ಇರಬೇಕು ಕಣ್ರೀ" ಎಂದಳು. ನಾನು ಮಹಾ ಬುದ್ಧಿವಂತನಂತೆ ಕತ್ತರಿ ತೆಗೆದುಕೊಂಡು ಕಾರ್ಡನ್ನು ನಾಲ್ಕು ತುಂಡು ಮಾಡಿದೆ.

ಆಮೇಲೆ ತಿಳಿಯಿತು. ಅದು ಪಿ-ಇಬಿಟಿ ಕಾರ್ಡು. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ 2017ರಿಂದ ಎಲ್ಲ ಮಕ್ಕಳಿಗೂ ಊಟ ಉಚಿತ. ಶಾಲೆ ಮುಚ್ಚಿ ಆ ಊಟ ತಪ್ಪಿದ್ದಕ್ಕೆ ಬದಲಾಗಿ ಪ್ರತಿ ಮಗುವಿಗೆ 420 ಡಾಲರ್‌ವರೆಗೆ ದಿನಸಿ ಹಣ ಕೊಟ್ಟಿದ್ದರು. ಅಪ್ಪ ಅಮ್ಮನ ಸಂಬಳ, ವೀಸಾ ಏನನ್ನೂ ನೋಡದೆ! ಅರ್ಜಿ ಇಲ್ಲದೆ ಅದು ಮನೆಗೆ ಬಂದದ್ದು ಹೇಗೆ? ಶಾಲಾ ಇಲಾಖೆಯ ಪಟ್ಟಿಯಲ್ಲಿದ್ದ ಹೆಸರು, ವಿಳಾಸ ರಾಜ್ಯದ ಸಹಾಯಧನ ಇಲಾಖೆಗೆ ಹೋಗಿದ್ದವು.

ಅಂದರೆ ಶಾಲೆ ಹೊರಗಿನವರಿಗೆ ಮಾಹಿತಿ ಕೊಡುತ್ತದೆ ಎಂದಾಕ್ಷಣ ಬೆಚ್ಚಿಬೀಳಬೇಕಾಗಿಲ್ಲ. ಆ ಕಷ್ಟಕಾಲದಲ್ಲಿ ಎಷ್ಟೋ ಮನೆಗಳ ಅಡುಗೆಮನೆಗೆ ಅಕ್ಕಿ ಬೇಳೆ ಬಂದದ್ದು ಇದೇ ದಾರಿಯಿಂದ. ಯಾರಿಗೆ, ಯಾವುದಕ್ಕೆ, ಯಾವ ನಿಯಮದ ಮೇಲೆ ಎನ್ನುವುದು ನಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಬಂದ ಭಾಗ್ಯವನ್ನೂ ಕತ್ತರಿಸಿ ಹಾಕುತ್ತೇವೆ, ನನ್ನ ಹಾಗೆ!

ಮೂಲ ಕಾಯಿದೆ: ಫೆರ್ಪಾ

ಇರಲಿ, ವಿಷಯಕ್ಕೆ ಬರೋಣ. ಅಮೆರಿಕಾದ ವಿದ್ಯಾರ್ಥಿಗಳ ದಾಖಲೆಗಳನ್ನು ಕಾಯುವ ಮುಖ್ಯ ಕಾಯಿದೆಯ ಹೆಸರು ಫೆರ್ಪಾ. 1974ರದ್ದು. ಇದನ್ನು ಮಂಡಿಸಿದವರು ನಮ್ಮ ನ್ಯೂಯಾರ್ಕಿನ ಸೆನೆಟರ್ ಜೇಮ್ಸ್ ಬಕ್ಲಿ. ಅದಕ್ಕೆ ಬಕ್ಲಿ ತಿದ್ದುಪಡಿ ಎಂದೂ ಹೆಸರುಂಟು. ಅಲ್ಲಿಯವರೆಗೆ ಎಷ್ಟೋ ಶಾಲೆಗಳು ಮಕ್ಕಳ ಫೈಲನ್ನು ತಂದೆ ತಾಯಿಗೇ ತೋರಿಸುತ್ತಿರಲಿಲ್ಲ, ಹೊರಗಿನವರಿಗೆ ಮಾತ್ರ ಸಲೀಸಾಗಿ ಕೊಡುತ್ತಿದ್ದವು.

ಫೆರ್ಪಾ ಕೊಡುವ ಹಕ್ಕುಗಳು ಮುಖ್ಯವಾಗಿ ಮೂರು. ಒಂದು, ನಿಮ್ಮ ಮಗುವಿನ ಫೈಲು ನೋಡಬೇಕೆಂದು ಕೇಳಿದರೆ ಶಾಲೆ 45 ದಿನದೊಳಗೆ ತೋರಿಸಬೇಕು. ಎರಡು, ಅದರಲ್ಲಿ ತಪ್ಪಿದ್ದರೆ ತಿದ್ದಿ ಎಂದು ಕೇಳಬಹುದು. ಮೂರು, ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಮಗುವಿನ ಗುರುತು ಸಿಗುವ ಮಾಹಿತಿಯನ್ನು ಹೊರಗೆ ಕೊಡುವಂತಿಲ್ಲ. ಮಗು ಹದಿನೆಂಟು ತುಂಬಿದ ಮೇಲೆ ಅಥವಾ ಕಾಲೇಜು ಸೇರಿದ ಮೇಲೆ ಈ ಹಕ್ಕು ಮಗುವಿನದೇ ಆಗುತ್ತದೆ. ಕಾಲೇಜಿಗೆ ಫೋನು ಮಾಡಿ "ನನ್ನ ಮಗನ ಮಾರ್ಕ್ಸ್ ಎಷ್ಟು" ಎಂದು ಕೇಳಿದರೆ ಹೇಳುವುದಿಲ್ಲ ಎಂದು ನಮ್ಮ ಹಿರಿಯರು ಸಿಟ್ಟಾಗುವುದಿದೆಯಲ್ಲ, ಅದರ ಹಿಂದಿರುವುದು ಇದೇ ಕಾಯಿದೆ.

ಸರ್ಕಾರದಿಂದ ಫೆಡರಲ್ ಹಣ ಪಡೆಯುವ ಶಾಲೆಗಳಿಗೆ ಮಾತ್ರ ಫೆರ್ಪಾ ಅನ್ವಯ. ಹಣ ಪಡೆಯದ ಖಾಸಗಿ ಶಾಲೆಯಲ್ಲಿ ಮಗುವನ್ನು ಓದಿಸುತ್ತಿದ್ದರೆ ಆ ಶಾಲೆಯ ಒಪ್ಪಂದ ಪತ್ರವೇ ನಿಮಗೆ ಆಧಾರ. ಅದನ್ನು ಓದಿ ಸಹಿ ಹಾಕಿ.

ಕಾನೂನಿನ ಕಿಂಡಿಗಳು

ಯಾವ ಕೋಟೆಗೂ ದಿಡ್ಡಿ ಬಾಗಿಲು ಇರುತ್ತದೆ. ಒಪ್ಪಿಗೆ ಕೇಳದೆ ಮಾಹಿತಿ ಕೊಡಬಹುದಾದ ಸಂದರ್ಭಗಳನ್ನು ಫೆರ್ಪಾ ತಾನೇ ಪಟ್ಟಿ ಮಾಡಿದೆ. ಮಗು ಬೇರೆ ಶಾಲೆಗೆ ವರ್ಗವಾದಾಗ ಹೊಸ ಶಾಲೆಗೆ, ನ್ಯಾಯಾಲಯದ ಆದೇಶ ಅಥವಾ ಕಾನೂನುಬದ್ಧ ಸಮನ್ಸ್ ಬಂದಾಗ, ಪ್ರಾಣಕ್ಕೆ ಅಪಾಯದಂಥ ತುರ್ತು ಇದ್ದಾಗ ಕೊಡಬಹುದು. ಇವು ಅರ್ಥವಾಗುವಂಥವು. ನಾವು ಗಮನಿಸಬೇಕಾದ ಕಿಂಡಿಗಳು ಎರಡು.

ಮೊದಲನೆಯದು 'ಡೈರೆಕ್ಟರಿ ಮಾಹಿತಿ'. ಹೆಸರು, ವಿಳಾಸ, ಫೋನು, ಹುಟ್ಟಿದ ದಿನಾಂಕ, ಆಡುವ ಆಟ, ಪಡೆದ ಬಹುಮಾನ ಇಂಥವು. ಹೊರಗೆ ಹೋದರೆ ಸಾಮಾನ್ಯವಾಗಿ ಹಾನಿಯಿಲ್ಲ ಎಂದು ಎಣಿಸಿದ ಮಾಹಿತಿ. 1974ರಲ್ಲಿ ಶಾಲೆಯ ವಾರ್ಷಿಕ ಪುಸ್ತಕ, ನಾಟಕದ ಕರಪತ್ರ ಅಚ್ಚು ಹಾಕಿಸಲು ಇದು ಬೇಕಿತ್ತು. ಇಂದು ಹೆಸರು, ಹುಟ್ಟಿದ ದಿನ, ವಿಳಾಸ ಮೂರೂ ಸೇರಿದರೆ ಏನೇನು ಮಾಡಬಹುದು ಎಂದು ನನ್ನ ಕಸುಬಿನವರನ್ನು ಕೇಳಿ! ಯಾವುದನ್ನು ಡೈರೆಕ್ಟರಿ ಮಾಹಿತಿ ಎಂದು ಕರೆಯುತ್ತೇವೆ ಎಂಬುದನ್ನು ಶಾಲಾ ಜಿಲ್ಲೆ ಪೋಷಕರಿಗೆ ತಿಳಿಸಬೇಕು. ಬೇಡ ಎಂದು ಬರೆದುಕೊಡಲು ಸಮಯವನ್ನೂ ಕೊಡಬೇಕು. ಸೆಪ್ಟೆಂಬರಿನಲ್ಲಿ ಮಗುವಿನ ಬ್ಯಾಗಿನಲ್ಲಿ ಬರುವ ಕಾಗದದ ಕಟ್ಟಿನಲ್ಲಿ ಆ ಸೂಚನೆ ಇರುತ್ತದೆ. ನಾವು ಅದನ್ನು ಫ್ರಿಜ್ ಮೇಲಿಟ್ಟು ಮರೆಯುತ್ತೇವೆ.

ಎರಡನೆಯದು 'ಶಾಲಾ ಅಧಿಕಾರಿ' ಎನ್ನುವ ಪದ. ಶಿಕ್ಷಕರು, ಪ್ರಿನ್ಸಿಪಾಲರು ಮಗುವಿನ ಫೈಲು ನೋಡಲೇಬೇಕಲ್ಲ. 2008ರಲ್ಲಿ ನಿಯಮ ತಿದ್ದಿ, ಶಾಲೆ ತನ್ನ ಕೆಲಸವನ್ನು ವಹಿಸಿಕೊಟ್ಟ ಹೊರಗಿನ ಗುತ್ತಿಗೆದಾರರನ್ನೂ ಇದೇ ಸಾಲಿಗೆ ಸೇರಿಸಿದರು. ಅಂದರೆ ಹಾಜರಿ ಹಾಕುವ ಸಾಫ್ಟ್‌ವೇರ್ ಕಂಪನಿ, ಗಣಿತ ಕಲಿಸುವ ಆ್ಯಪ್, ಬಸ್ಸಿನ ಕಂಪನಿ ಎಲ್ಲವೂ ಆ ಮಟ್ಟಿಗೆ 'ಶಾಲಾ ಅಧಿಕಾರಿ'ಯಾಗಬಹುದು.

ಇದು ಒಳಗೆ ಹೇಗೆ ನಡೆಯುತ್ತದೆ? ನ್ಯೂಯಾರ್ಕ್ ನಗರದ ಪ್ರತಿ ವಿದ್ಯಾರ್ಥಿಗೂ ಓಸಿಸ್ ಎಂಬ ಒಂಬತ್ತು ಅಂಕಿಯ ಸಂಖ್ಯೆ ಇದೆ. ನಮ್ಮ ಕರ್ನಾಟಕದಲ್ಲಿ ಮಕ್ಕಳಿಗೆ ಸ್ಯಾಟ್ಸ್ ಸಂಖ್ಯೆ ಇರುವ ಹಾಗೆ. ಆ ಸಂಖ್ಯೆಯ ಸುತ್ತ ಹೆಸರು, ತರಗತಿ, ಹಾಜರಿ, ಅಂಕ ಪೋಣಿಸಿಕೊಂಡಿರುತ್ತವೆ. ಶಾಲೆ ಒಂದು ಹೊಸ ಆ್ಯಪ್ ಕೊಂಡಾಗ ಶಿಕ್ಷಕರು ಮೂವತ್ತು ಮಕ್ಕಳ ಹೆಸರನ್ನು ಕೈಯಲ್ಲಿ ಟೈಪ್ ಮಾಡುತ್ತಾ ಕೂರುವುದಿಲ್ಲ. ತರಗತಿಯ ಪಟ್ಟಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿ ಹರಿಯುತ್ತದೆ. ಇಂಥ ಕೊಳವೆ ಜೋಡಿಸುವುದೇ ನನ್ನ ಕಸುಬು, ಆದ್ದರಿಂದ ಒಂದು ಗುಟ್ಟು ಹೇಳುತ್ತೇನೆ. ಕೊಳವೆ ಜೋಡಿಸುವಾಗ ಇರುವ ಉತ್ಸಾಹ ಅದನ್ನು ಕಳಚುವಾಗ ಯಾರಿಗೂ ಇರುವುದಿಲ್ಲ. ಗುತ್ತಿಗೆ ಮುಗಿದರೂ ಹಳೆಯ ನಕಲು ಎಲ್ಲೋ ಒಂದು ಸರ್ವರಿನಲ್ಲಿ ಕೂತೇ ಇರುತ್ತದೆ.

ಮೂರು ಪ್ರಸಂಗಗಳು

ಇದು ಬರೀ ಊಹೆಯಲ್ಲ ಎನ್ನುವುದಕ್ಕೆ ನಮ್ಮ ನ್ಯೂಯಾರ್ಕಿನದೇ ಮೂರು ಉದಾಹರಣೆ.

ಒಂದು, ಇನ್‌ಬ್ಲೂಮ್. 2013ರಲ್ಲಿ ಗೇಟ್ಸ್ ಪ್ರತಿಷ್ಠಾನ ಮತ್ತು ಕಾರ್ನೆಗಿ ಸಂಸ್ಥೆಯ ಸುಮಾರು 10 ಕೋಟಿ ಡಾಲರ್ ನೆರವಿನಿಂದ ಶುರುವಾದ ಯೋಜನೆ. ಹಲವು ರಾಜ್ಯಗಳ ಮಕ್ಕಳ ದಾಖಲೆಗಳನ್ನೆಲ್ಲ ಒಂದೇ ಕಡೆ ಕೂಡಿಟ್ಟು, ಆ್ಯಪ್ ಕಂಪನಿಗಳು ಅಲ್ಲಿಂದ ಪಡೆಯುವಂತೆ ಮಾಡುವುದು ಉದ್ದೇಶ. ಇಂಜಿನಿಯರ್ ಕಣ್ಣಿಗೆ ಅಚ್ಚುಕಟ್ಟಾದ ವಿನ್ಯಾಸ. ಆದರೆ ಪೋಷಕರು "ನಮ್ಮನ್ನು ಯಾರು ಕೇಳಿದಿರಿ?" ಎಂದು ಎದ್ದು ನಿಂತರು. ರಾಜ್ಯಗಳು ಒಂದೊಂದಾಗಿ ಹಿಂದೆ ಸರಿದವು. 2014ರಲ್ಲಿ ನ್ಯೂಯಾರ್ಕ್ ಶಾಸನಸಭೆಯೂ ಬೇಡ ಎಂದಿತು. ಅದೇ ಏಪ್ರಿಲ್‌ನಲ್ಲಿ ಇನ್‌ಬ್ಲೂಮ್ ಬಾಗಿಲು ಹಾಕುವುದಾಗಿ ಘೋಷಿಸಿತು. ಹತ್ತು ಕೋಟಿ ಡಾಲರಿನ ಯೋಜನೆಯನ್ನು ನಿಲ್ಲಿಸಿದ್ದು ಶಾಲೆಯ ಗೇಟಿನ ಬಳಿ ಮಕ್ಕಳಿಗೆ ಕಾಯುತ್ತಾ ನಿಲ್ಲುವ ಅಪ್ಪ ಅಮ್ಮಂದಿರು!

ಎರಡು, ಇಲ್ಯುಮಿನೇಟ್ ಎಜುಕೇಶನ್. ನಗರದ ಅನೇಕ ಶಾಲೆಗಳು ಹಾಜರಿ ಮತ್ತು ಅಂಕಗಳಿಗೆ ಬಳಸುತ್ತಿದ್ದ ಸ್ಕೆಡ್ಯುಲಾ, ಪ್ಯೂಪಿಲ್‌ಪಾತ್ ಇವರದೇ. 2022ರ ಜನವರಿಯಲ್ಲಿ ಇವು ಇದ್ದಕ್ಕಿದ್ದಂತೆ ನಿಂತುಹೋದವು. ಮಾರ್ಚ್‌ನಲ್ಲಿ ತಿಳಿದದ್ದು, ನಗರದ ಹಾಲಿ ಮತ್ತು ಹಳೆಯ ಸುಮಾರು 8 ಲಕ್ಷ 20 ಸಾವಿರ ವಿದ್ಯಾರ್ಥಿಗಳ ಮಾಹಿತಿ ಕಳ್ಳರ ಕೈ ಸೇರಿದೆ ಎಂದು. ತನಿಖೆಯಲ್ಲಿ ಹೊರಬಿದ್ದ ಕಾರಣ ಕೇಳಿ: ಕೆಲಸ ಬಿಟ್ಟು ಹೋಗಿದ್ದ ಹಳೆಯ ನೌಕರರೊಬ್ಬರ ಲಾಗಿನ್ ಮುಚ್ಚಿರಲಿಲ್ಲ! 2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಮತ್ತು ಕನೆಕ್ಟಿಕಟ್ ರಾಜ್ಯಗಳು ಕಂಪನಿಯಿಂದ 51 ಲಕ್ಷ ಡಾಲರ್ ದಂಡ ವಸೂಲಿಗೆ ಒಪ್ಪಂದ ಮಾಡಿಕೊಂಡವು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಮೂರು, ಕಾಲೇಜ್ ಬೋರ್ಡ್. ಎಸ್‌ಎಟಿ, ಎಪಿ ಅಂದರೆ ನಮ್ಮ ಮನೆಗಳಲ್ಲಿ ಹಬ್ಬಕ್ಕಿಂತ ದೊಡ್ಡದು. ಶಾಲೆಯಲ್ಲೇ ಶಾಲಾ ಸಮಯದಲ್ಲೇ ಈ ಪರೀಕ್ಷೆ ಬರೆಯುವ ಮಕ್ಕಳಿಂದ ಅಂಕ, ಧರ್ಮ, ಮನೆಯ ಆದಾಯ ಇಂಥ ವಿವರಗಳನ್ನು ಪಡೆದು, ಹಣ ಕೊಟ್ಟ ಕಾಲೇಜುಗಳಿಗೂ ಕಾರ್ಯಕ್ರಮಗಳಿಗೂ ಒದಗಿಸಿದ್ದರು. 2019 ಒಂದೇ ವರ್ಷದಲ್ಲಿ ನ್ಯೂಯಾರ್ಕಿನ 2 ಲಕ್ಷ 37 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ವಿವರ ಹೀಗೆ ಹೋಗಿತ್ತು ಎಂದು ರಾಜ್ಯದ ಅಟಾರ್ನಿ ಜನರಲ್ ಹೇಳಿದರು. 2024ರ ಫೆಬ್ರವರಿಯಲ್ಲಿ ಸಂಸ್ಥೆ ಏಳೂವರೆ ಲಕ್ಷ ಡಾಲರ್ ಕಟ್ಟಲು ಒಪ್ಪಿತು. ನಿಮ್ಮ ಮಗಳಿಗೆ ರಾಶಿ ರಾಶಿ ಕಾಲೇಜುಗಳ ಬಣ್ಣದ ಪುಸ್ತಕ ಬಂದಾಗ "ಅಬ್ಬಾ, ಎಲ್ಲರಿಗೂ ನಮ್ಮ ಮಗಳೇ ಬೇಕು" ಎಂದು ಬೀಗುವ ಮೊದಲು ಇದನ್ನು ನೆನೆಯಿರಿ.

ನ್ಯೂಯಾರ್ಕಿನ ಸ್ವಂತ ಬೀಗ

ಇನ್‌ಬ್ಲೂಮ್ ಗಲಾಟೆಯಿಂದ ಒಂದು ಒಳ್ಳೆಯದೂ ಆಯಿತು. 2014ರಲ್ಲಿ ನ್ಯೂಯಾರ್ಕ್ ರಾಜ್ಯ ಎಜುಕೇಶನ್ ಲಾ 2-ಡಿ ಎಂಬ ಕಾಯಿದೆ ತಂದಿತು. ಅದರ ನಿಯಮಗಳು ಪೂರ್ಣವಾಗಿ ಬಂದದ್ದು 2020ರಲ್ಲಿ. ಇದರ ಪ್ರಕಾರ ಮಕ್ಕಳ ಮಾಹಿತಿಯನ್ನು ಮಾರುವಂತಿಲ್ಲ, ವ್ಯಾಪಾರಕ್ಕೆ ಬಳಸುವಂತಿಲ್ಲ. ಕಾಲೇಜ್ ಬೋರ್ಡ್ ಸಿಕ್ಕಿಬಿದ್ದದ್ದು ಈ ಕಾಯಿದೆಯಿಂದಲೇ. ಪ್ರತಿ ಶಾಲಾ ಜಿಲ್ಲೆ 'ಪೋಷಕರ ಹಕ್ಕುಪತ್ರ' ಪ್ರಕಟಿಸಬೇಕು. ಯಾವ ಕಂಪನಿಗೆ ಮಾಹಿತಿ ಕೊಟ್ಟಿದ್ದೇವೆ, ಯಾತಕ್ಕೆ, ಗುತ್ತಿಗೆ ಮುಗಿದ ಮೇಲೆ ಏನಾಗುತ್ತದೆ ಎನ್ನುವುದನ್ನು ತಮ್ಮ ತಾಣದಲ್ಲಿ ಹಾಕಬೇಕು. ಕಳ್ಳತನವಾದರೆ ಕಂಪನಿ ಏಳು ದಿನದೊಳಗೆ ಶಾಲೆಗೆ ತಿಳಿಸಬೇಕು. ಪೋಷಕರಿಗೆ ಸಾಮಾನ್ಯವಾಗಿ ಅರವತ್ತು ದಿನದೊಳಗೆ ಸುದ್ದಿ ತಲುಪಬೇಕು.

ನ್ಯೂಜೆರ್ಸಿಯ ಮಿತ್ರರೇ, 2-ಡಿ ಹಡ್ಸನ್ ನದಿ ದಾಟುವುದಿಲ್ಲ. ಆದರೆ ಫೆರ್ಪಾ ನಿಮಗೂ ಇದೆ. ನಿಮ್ಮ ಶಾಲಾ ಜಿಲ್ಲೆಯ ವಾರ್ಷಿಕ ಸೂಚನೆಯನ್ನು ಇಂದೇ ಹುಡುಕಿ ಓದಿ.

ಅಕ್ಕನ ಮೊದಲ ಪ್ರಶ್ನೆ: ಸೈನ್ಯಕ್ಕೆ ವಿಳಾಸ ಕೊಟ್ಟವರು ಯಾರು?

ಶಾಲೆಯೇ. ಕಾನೂನಿನ ಪ್ರಕಾರವೇ. 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯಿದೆಯಲ್ಲಿ ಸೇರಿಸಿ, 2015ರ ಹೊಸ ಶಿಕ್ಷಣ ಕಾಯಿದೆಯಲ್ಲೂ ಉಳಿಸಿಕೊಂಡ ನಿಯಮ ಇದು. ಫೆಡರಲ್ ಹಣ ಪಡೆಯುವ ಹೈಸ್ಕೂಲುಗಳು ಸೈನ್ಯದ ಭರ್ತಿ ಅಧಿಕಾರಿಗಳು ಕೇಳಿದರೆ ವಿದ್ಯಾರ್ಥಿಗಳ ಹೆಸರು, ವಿಳಾಸ, ಫೋನು ಕೊಡಬೇಕು. ಪೋಷಕರು ಬೇಡ ಎಂದು ಬರೆದುಕೊಟ್ಟರೆ ಕೊಡುವಂತಿಲ್ಲ. ಬರೆದುಕೊಡದಿದ್ದರೆ ಸುಮ್ಮನಿದ್ದದ್ದೇ ಒಪ್ಪಿಗೆ.

ಕಾಗದ ಬಂತು ಎಂದರೆ ಮಗ ಯುದ್ಧಕ್ಕೆ ಹೊರಟ ಎಂದಲ್ಲ. ಕಡ್ಡಾಯ ಭರ್ತಿ ಈ ದೇಶದಲ್ಲಿ 1973ರಲ್ಲೇ ನಿಂತಿದೆ. ಅದು ಬರೀ ಆಹ್ವಾನ. ಇಷ್ಟವಿದ್ದವರು ಓದಬಹುದು, ಸೈನ್ಯ ಸೇರುವುದರಲ್ಲಿ ತಪ್ಪೇನಿಲ್ಲ. ಇಷ್ಟವಿಲ್ಲದವರು ಕಸದ ಬುಟ್ಟಿಗೆ ಹಾಕಬಹುದು.

ಎರಡನೆಯ ಪ್ರಶ್ನೆ: ಇಮಿಗ್ರೇಶನ್‌ಗೂ ಹೋಗಿರುತ್ತಾ?

ಇದಕ್ಕೆ ಉತ್ತರದ ಬೇರು 1982ರಲ್ಲಿದೆ. ಟೆಕ್ಸಸ್‌ನ ಟೈಲರ್ ಊರಿನ ಶಾಲೆಗಳು ಕಾಗದಪತ್ರವಿಲ್ಲದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುವುದಿಲ್ಲ ಎಂದವು. ಪ್ಲೈಲರ್ ವಿರುದ್ಧ ಡೋ ಎಂಬ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ, ವಲಸೆಯ ಸ್ಥಿತಿ ನೋಡಿ ಮಗುವಿಗೆ ಶಾಲೆ ನಿರಾಕರಿಸುವಂತಿಲ್ಲ ಎಂದಿತು. ನ್ಯೂಯಾರ್ಕ್ ನಗರದ ಶಾಲೆಗಳು ವೀಸಾದ ಸ್ಥಿತಿಯನ್ನು ಕೇಳುವುದಿಲ್ಲ. ಸೇರಿಸಲು ಸೋಶಿಯಲ್ ಸೆಕ್ಯುರಿಟಿ ನಂಬರೂ ಬೇಕಿಲ್ಲ. ಹುಟ್ಟಿದ ದಿನ, ವಿಳಾಸ, ಲಸಿಕೆ, ಇಷ್ಟಕ್ಕೆ ದಾಖಲೆ ಸಾಕು. ಅಕ್ಕನ ಮಗನಿಗೆ ಸೈನ್ಯದ ಕಾಗದ ಬಂದದ್ದಕ್ಕೂ ಇದೇ ಕಾರಣ! ಯಾರು ಪೌರರು, ಯಾರು ಹೆಚ್-4 ಎಂಬ ವಿವರವೇ ಶಾಲೆಯ ಪಟ್ಟಿಯಲ್ಲಿಲ್ಲ, ಹಾಗಾಗಿ ಎಲ್ಲರಿಗೂ ಬರುತ್ತದೆ.

ನನ್ನ ಕಸುಬಿನ ಮೊದಲ ಪಾಠವೂ ಇದೇ. ಕೂಡಿಡದ ಮಾಹಿತಿಯನ್ನು ಯಾರೂ ಕದಿಯಲಾರರು, ಯಾರೂ ಕೇಳಲಾರರು.

2025ರ ಜನವರಿಯಲ್ಲಿ ಫೆಡರಲ್ ಸರ್ಕಾರ ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳ ಬಳಿ ವಲಸೆ ಅಧಿಕಾರಿಗಳ ಕ್ರಮಕ್ಕಿದ್ದ ನಿರ್ಬಂಧದ ನೀತಿಯನ್ನು ಹಿಂತೆಗೆದುಕೊಂಡಿತು. ನಮ್ಮ ಮನೆಗಳಲ್ಲಿ ಆತಂಕ ಹೆಚ್ಚಿದ್ದು ಆಮೇಲೆಯೇ. ಆದರೆ ಅದು ಸ್ಥಳಕ್ಕೆ ಸಂಬಂಧಿಸಿದ್ದು. ದಾಖಲೆಗಳ ಮೇಲಿನ ಫೆರ್ಪಾ ಬೀಗ ಬದಲಾಗಿಲ್ಲ. ಬರೀ ಕೇಳಿದ ಮಾತ್ರಕ್ಕೆ ಶಾಲೆ ಮಗುವಿನ ಫೈಲನ್ನು ಕೊಡುವಂತಿಲ್ಲ. ವಲಸೆ ಇಲಾಖೆಯ ಅಧಿಕಾರಿಯೇ ಸಹಿ ಹಾಕಿದ ವಾರಂಟ್, ನ್ಯಾಯಾಧೀಶರ ಆದೇಶಕ್ಕೆ ಸಮವಲ್ಲ. ನ್ಯಾಯಾಲಯದ ಆದೇಶವೋ ಸಮನ್ಸೋ ಬಂದರೂ ಶಾಲೆ ಸಾಮಾನ್ಯವಾಗಿ ಮೊದಲು ಪೋಷಕರಿಗೆ ತಿಳಿಸಲು ಪ್ರಯತ್ನಿಸಬೇಕು. ಉಳಿದ ಕಿಂಡಿ ಅದೇ ಡೈರೆಕ್ಟರಿ ಮಾಹಿತಿ. ಆ ಬೇಡ-ಪತ್ರ ಕೊಟ್ಟಿದ್ದರೆ ಆ ಕಿಂಡಿಯೂ ಮುಚ್ಚಿದಂತೆ.

ಒಂದು ಮುಖ್ಯ ವ್ಯತ್ಯಾಸ. ನಮ್ಮ ಮಕ್ಕಳು 21 ತುಂಬಿ ಹೆಚ್-4ರಿಂದ ಎಫ್-1ಗೆ ಬಂದರೆ ಲೆಕ್ಕ ಬೇರೆ. ಎಫ್-1 ವಿದ್ಯಾರ್ಥಿಗಳ ವಿಳಾಸ, ಕೋರ್ಸು, ಹಾಜರಿಯ ಸ್ಥಿತಿಯನ್ನು ಕಾಲೇಜು 2003ರಿಂದ ನಡೆಯುತ್ತಿರುವ ಸೆವಿಸ್ ಎಂಬ ವ್ಯವಸ್ಥೆಯ ಮೂಲಕ ಸರ್ಕಾರಕ್ಕೆ ಕೊಡಲೇಬೇಕು. ಅಲ್ಲಿ ಫೆರ್ಪಾ ಅಡ್ಡ ಬರುವುದಿಲ್ಲ. ಮನೆ ಬದಲಿಸಿದರೆ, ಕೋರ್ಸು ಬಿಟ್ಟರೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಕೂಡಲೇ ತಿಳಿಸಲು ಮಕ್ಕಳಿಗೆ ಹೇಳಿ.

ನಮ್ಮೂರಿನ ಅಜ್ಜ

ಇದನ್ನೆಲ್ಲ ಓದುವಾಗ ನನಗೆ ನೆನಪಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2018ರಲ್ಲಿ ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯವಲ್ಲ ಎಂಬ ತೀರ್ಪೂ ಬಂತು. 2023ರ ಹೊಸ ಡೇಟಾ ಕಾಯಿದೆಯಲ್ಲಿ ಹದಿನೆಂಟರ ಕೆಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎಂದಿದೆ. 2024ರಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ಆ ವಯಸ್ಸಿನಲ್ಲಿ ಅವರು ಕೋರ್ಟಿಗೆ ಹೋದರು. ನಾವು ಒಂದು ಫಾರಂ ತುಂಬಲು ಸೋಮಾರಿತನ ಮಾಡುತ್ತೇವೆ!

ಈಗ ಏನು ಮಾಡಬೇಕು?

1. ಶಾಲೆಯಿಂದ ಬರುವ ವಾರ್ಷಿಕ ಫೆರ್ಪಾ ಸೂಚನೆ ಓದಿ. ಬೇಕಿದ್ದರೆ ಡೈರೆಕ್ಟರಿ ಮಾಹಿತಿ ಬೇಡ ಎಂದು ಬರೆದುಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ.

2. ಹೈಸ್ಕೂಲಿನ ಮಕ್ಕಳಿದ್ದರೆ ಸೈನ್ಯದ ಬೇಡ-ಪತ್ರ ಬೇರೆಯೇ ಇರುತ್ತದೆ. ಅದನ್ನೂ ಕೇಳಿ ಪಡೆಯಿರಿ.

3. ಎಸ್‌ಎಟಿ, ಪಿಎಸ್‌ಎಟಿ ವೇಳೆ ಕೇಳುವ ಐಚ್ಛಿಕ ಪ್ರಶ್ನೆಗಳಿಗೆ ಉತ್ತರಿಸಲೇಬೇಕಿಲ್ಲ ಎಂದು ಮಗುವಿಗೆ ಮೊದಲೇ ಹೇಳಿ.

4. ಮಗು ಬಳಸುವ ಆ್ಯಪ್‌ಗಳ ಪಟ್ಟಿ ಕೇಳಿ. ಶಾಲೆಯ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ.

5. ಮಾಹಿತಿ ಕಳುವಾಗಿದೆ ಎಂಬ ಪತ್ರ ಬಂದರೆ ಎಸೆಯಬೇಡಿ. ಮಗುವಿನ ಹೆಸರಿನಲ್ಲಿ ಕ್ರೆಡಿಟ್ ಫ್ರೀಜ್ ಮಾಡಿಸಿ. ಅದಕ್ಕೆ ಶುಲ್ಕವಿಲ್ಲ.

6. ಗೊತ್ತಿಲ್ಲದ ಕಾರ್ಡು ಬಂದರೆ ಕತ್ತರಿ ತೆಗೆಯುವ ಮೊದಲು ಶಾಲೆಗೊಂದು ಫೋನು ಮಾಡಿ.

ಕೊನೆಯದಾಗಿ, ಒಂದು ಖಾಲಿ ಜಾಗ

ನ್ಯೂಯಾರ್ಕಿನಲ್ಲಿ ಮಗುವನ್ನು ಮೊದಲ ಸಲ ಶಾಲೆಗೆ ಸೇರಿಸುವಾಗ ಮನೆಮಾತಿನ ಫಾರಂ ಕೊಡುತ್ತಾರೆ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳುತ್ತಾರೆ. 2019ರಲ್ಲಿ ಆ ಫಾರಂ ಮುಂದೆ ಹೆಂಡತಿಯೂ ನಾನೂ ತುಂಬಾ ಹೊತ್ತು ಕೂತೆವು. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಬೇರೆ ಕ್ಲಾಸಿಗೆ ಹಾಕುತ್ತಾರೆ, ಆ ಮುದ್ರೆ ಅಳಿಯುವುದಿಲ್ಲ ಎಂದು ಸ್ನೇಹಿತರು ಹೆದರಿಸಿದ್ದರು. ಇಂಗ್ಲಿಷ್ ಎಂದೇ ಬರೆದುಬಿಡಿ ಎಂದಿದ್ದರು.

ಹೆಂಡತಿ ಒಂದೇ ಮಾತು ಹೇಳಿದಳು. "ರಾತ್ರಿ ಅವಳು ಕಥೆ ಕೇಳೋದು ಯಾವ ಭಾಷೆಯಲ್ಲಿ? ಅದನ್ನೇ ಬರೀರಿ."

ಬರೆದೆ. ಶಾಲೆಯವರು ಮಗಳನ್ನು ಮಾತಾಡಿಸಿದರು, ಒಂದು ಚಿಕ್ಕ ಪರೀಕ್ಷೆಯನ್ನೂ ಮಾಡಿದರು, ಇಂಗ್ಲಿಷ್ ಚೆನ್ನಾಗಿದೆ ಎಂದರು. ಅಲ್ಲಿಗೆ ಮುಗಿಯಿತು. ಮುಗಿಯದೆ ಹೆಚ್ಚಿನ ಪಾಠ ಸಿಕ್ಕಿದ್ದರೂ ಮಗುವಿಗೆ ನಷ್ಟವೇನಿರಲಿಲ್ಲ. ಈ ಮಾಹಿತಿಯೂ ಶಾಲೆಯಿಂದ ರಾಜ್ಯಕ್ಕೆ ಹೋಗುತ್ತದೆ, ಎಣಿಕೆಯಾಗುತ್ತದೆ. ನಗರದ ಶಾಲೆಗಳ ಕಾಗದಪತ್ರ ಬಂಗಾಳಿಯಲ್ಲಿ, ಉರ್ದುವಿನಲ್ಲಿ ಬರುತ್ತದೆ. ಅವರೆಲ್ಲ ಆ ಖಾಲಿ ಜಾಗದಲ್ಲಿ ತಮ್ಮ ಭಾಷೆಯ ಹೆಸರು ಬರೆದರು. ನಾವೆಲ್ಲ ಇಂಗ್ಲಿಷ್ ಎಂದು ಬರೆದರೆ ಆ ಲೆಕ್ಕದಲ್ಲಿ ಕನ್ನಡ ಇರುವುದೇ ಇಲ್ಲ. ಮುಚ್ಚಿಡಬೇಕಾದ್ದನ್ನು ಮುಚ್ಚಿಡೋಣ, ಇದನ್ನು ಮಾತ್ರ ಧೈರ್ಯವಾಗಿ ಬರೆಯೋಣ.

ಅಕ್ಕನಿಗೆ ಮೊನ್ನೆ ಫೋನು ಮಾಡಿ ಎಲ್ಲ ಹೇಳಿದೆ. ಬೇಡ-ಪತ್ರವನ್ನು ಸಹಿ ಹಾಕಿ ಕೊಟ್ಟು ಬಂದರಂತೆ. "ಅವತ್ತು ನಿನ್ನ ದೋಸೆ ಆರಿಸಿಬಿಟ್ಟೆ, ಮುಂದಿನ ಭಾನುವಾರ ನಂದೇ ಖರ್ಚು" ಎಂದರು.

ಮುಂದಿನ ಕೂಟದ ಕಾರ್ಯಕ್ರಮದಲ್ಲಿ ಕಾಫಿ ಟೇಬಲ್ಲಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಅರ್ಥವಾಗದ ಶಾಲೆಯ ಫಾರಂ ಇದ್ದರೆ ತನ್ನಿ, ಒಟ್ಟಿಗೆ ಓದೋಣ. ಗೊತ್ತಿದ್ದಷ್ಟು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಇಬ್ಬರೂ ಸೇರಿ ಶಾಲೆಗೆ ಕೇಳೋಣ.


ಫ್ಲಶಿಂಗ್‌ನಿಂದ ನಿಮ್ಮವನೇ ಒಬ್ಬ